ಕಂಡಕ್ಟ್ರಮ್ಮ ಹೇಳದ ಸುಳ್ಳು

ನಮ್ಮ ಆಸ್ಪತ್ರೆಯ ನೆಲಮಹಡಿಯಲ್ಲಿ, ನನ್ನ ಔಷಧಿ ಕೌಂಟರಿನ ಎದುರಿಗೇ ಒಂದು ಚಿಕ್ಕ ಕೋಣೆ ಇದೆ. ಬಾಗಿಲ ಮೇಲೆ ‘ರೋಗಿ ಮಾರ್ಗದರ್ಶಿ’ ಎಂಬ ಹಲಗೆ. ಒಳಗೆ ಕೂರುವವರನ್ನು ಯಾರಾದರೂ ಆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬಾಯಲ್ಲೂ ಅವರು ಕಂಡಕ್ಟ್ರಮ್ಮ.

ಆಸ್ಪತ್ರೆಗೆ ಬರುವ ಮೊದಲು ಅವರು ನಿಜವಾಗಿಯೂ ಬಸ್ ಕಂಡಕ್ಟರ್ ಆಗಿದ್ದರು. ಬಸ್ಸು ತುಂಬಿ ತುಳುಕುತ್ತಿದ್ದರೂ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದೆ ಕೂತ ಡ್ರೈವರ್ ಬೆಚ್ಚಿಬೀಳುವಂಥ ಗಂಟಲು. ಅದೇ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಗ ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ತಾಯಿ ಮತ್ತು ಅಣ್ಣನ ಜೊತೆ ಇದ್ದರು. ಪರೀಕ್ಷೆಯ ಫಲಿತಾಂಶ ತರಲು ಅಣ್ಣ ಹೋದ. ಬಂದವನು ‘ಏನಿಲ್ಲ, ಬರೀ ಕೊಬ್ಬಿನ ಗಂಟಂತೆ, ತೆಗೆದರೆ ಆಯ್ತಂತೆ’ ಎಂದ. ತಾಯಿಯೂ ತಲೆಯಾಡಿಸಿದರು. ಆಪರೇಷನ್ ಆದಮೇಲೆ ಅವರನ್ನು ತಳ್ಳುಗಾಡಿಯಲ್ಲಿ ಇನ್ನೊಂದು ಕಟ್ಟಡಕ್ಕೆ ಕರೆದೊಯ್ದಾಗ, ಬಾಗಿಲಲ್ಲಿ ‘ಕ್ಯಾನ್ಸರ್ ವಿಭಾಗ’ ಎಂದು ಕೈಯಗಲದ ಅಕ್ಷರಗಳಲ್ಲಿ ಬರೆದಿತ್ತು. ಅವರು ಓದಿದರು. ಅಣ್ಣ ಪಕ್ಕದಲ್ಲೇ ಇದ್ದ. ಅವರು ಓದಿದ್ದನ್ನು ಅವನೂ ನೋಡಿದ. ಇಬ್ಬರೂ ತುಟಿ ಬಿಚ್ಚಲಿಲ್ಲ.

ಕಾಯಿಲೆ ವಾಸಿಯಾಯಿತು. ಆದರೆ ಗಂಟಲಿನ ಒಂದು ನರಕ್ಕೆ ಪೆಟ್ಟಾಗಿ ದನಿ ಹೋಯಿತು. ಪೂರ್ತಿ ಹೋಗಲಿಲ್ಲ. ಒಣಗಿದ ಎಲೆಯನ್ನು ಕೈಯಲ್ಲಿ ಹಿಸುಕಿದ ಹಾಗೆ ಒಂದು ದನಿ ಉಳಿಯಿತು. ಆ ದನಿಯಲ್ಲಿ ಬಸ್ಸು ನಿಲ್ಲಿಸಲಾಗುವುದಿಲ್ಲ. ಕಂಪನಿಯವರು ಕಚೇರಿಯಲ್ಲಿ ಕೂರಿಸಿದರು, ಅವರಿಗೆ ಕೂತು ಅಭ್ಯಾಸವಿರಲಿಲ್ಲ. ಪರೀಕ್ಷೆಗೆಂದು ನಮ್ಮಲ್ಲಿಗೆ ಬಂದುಹೋಗುತ್ತಿದ್ದ ಕಾಲದಲ್ಲಿ ದಾರಿ ತಪ್ಪಿದವರನ್ನು ಎಕ್ಸ್‌ರೇಗೋ ರಕ್ತಪರೀಕ್ಷೆಗೋ ಕೈಹಿಡಿದು ಬಿಟ್ಟುಬರುತ್ತಿದ್ದರು. ಹೀಗೇ ಪರಿಚಯವಾಗಿ, ಆಸ್ಪತ್ರೆಯಲ್ಲಿ ಈ ಹೊಸ ಹುದ್ದೆ ಹುಟ್ಟಿದಾಗ, ಹಿರಿಯ ನರ್ಸೊಬ್ಬರು ಅವರ ಹೆಸರು ಹೇಳಿದರು.

ಕೆಲಸ ಏನೆಂದು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಒಂದೇ ಕಾಯಿಲೆ ಇದ್ದವರು ಹೇಗೋ ಬಂದು ತೋರಿಸಿಕೊಂಡು ಹೋಗುತ್ತಾರೆ. ಮೂರ್ನಾಲ್ಕು ಕಾಯಿಲೆ ಒಟ್ಟಿಗೆ ಮೈಗಂಟಿಸಿಕೊಂಡವರ ಪಾಡೇ ಬೇರೆ. ಹೃದಯದವರು ಒಂದು ದಿನ ಬನ್ನಿ ಅನ್ನುತ್ತಾರೆ, ಕಿಡ್ನಿಯವರು ಇನ್ನೊಂದು ದಿನ. ಒಬ್ಬರು ಹಣ್ಣು ತಿನ್ನಿ ಅಂದರೆ ಇನ್ನೊಬ್ಬರು ಮುಟ್ಟಬೇಡಿ ಅನ್ನುತ್ತಾರೆ. ಮನೆಯವರು ಕೆಲಸ ಬಿಟ್ಟು ಕಾರಿಡಾರಿನಲ್ಲಿ ಅಲೆಯುತ್ತಾರೆ. ಅಂಥವರ ಜೊತೆ ನಿಂತು, ಯಾರನ್ನು ಯಾವಾಗ ಕಾಣಬೇಕು, ಏನು ಕೇಳಬೇಕು, ಮನೆಯಲ್ಲಿ ಯಾರು ಏನು ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಒಂದು ಹದಕ್ಕೆ ತರುವುದು ಕಂಡಕ್ಟ್ರಮ್ಮನ ಕೆಲಸ. ಅವರ ದನಿ ಚಿಕ್ಕದಾದ್ದರಿಂದ ಎದುರಿಗಿದ್ದವರು ಬಾಗಿ ಕೇಳಬೇಕು. ಕೂಗಾಡುತ್ತ ಬಂದವರೂ ಬಾಗಿದ ಮೇಲೆ ಸುಮ್ಮನಾಗುತ್ತಿದ್ದರು.

ಅವರ ಬಳಿಗೆ ಬಂದ ಮನೆಗಳ ಪೈಕಿ ನನಗೆ ಮರೆಯಲಾಗದ್ದು ಮೇಸ್ತ್ರಿಯ ಮನೆ.

ಮೇಸ್ತ್ರಿ ಎಂದರೆ ಮರಗೆಲಸದ ಮೇಸ್ತ್ರಿ. ಬಾಗಿಲು, ಕಿಟಕಿ, ಚೌಕಟ್ಟು ಮಾಡುವವರು. ಅರವತ್ತು ದಾಟಿದ ಗಟ್ಟಿ ಆಳು. ಮೊದಲ ಸಲ ಬಂದಾಗ ಗಾಲಿಕುರ್ಚಿಯಲ್ಲಿದ್ದರು. ಹಿಂದಿನಿಂದ ತಳ್ಳುತ್ತಿದ್ದವರು ಹೆಂಡತಿ, ತೆಳ್ಳಗಿನ, ಮಾತಿಲ್ಲದ ಹೆಂಗಸು. ಪಕ್ಕದಲ್ಲಿ ಫೈಲುಗಳನ್ನು ಎದೆಗವಚಿಕೊಂಡ ಮಗ. ಅಪ್ಪನ ಜೊತೆ ಅದೇ ಅಂಗಡಿಯಲ್ಲಿ ಕೆಲಸ ಮಾಡುವವನು. ಮುಂದೆ ಮುಂದೆ ದಾರಿ ಮಾಡುತ್ತ, ಎಲ್ಲರನ್ನೂ ಗದರುತ್ತ ಬಂದವಳು ಮಗಳು. ಆಕೆ ಶಾಲೆಯ ಟೀಚರು.

ಕಂಡಕ್ಟ್ರಮ್ಮನ ಕೋಣೆಯ ಬಾಗಿಲು ದಾಟುವಾಗ ಮೇಸ್ತ್ರಿ ಕುರ್ಚಿ ನಿಲ್ಲಿಸಿದರು. ಬಾಗಿಲನ್ನು ಎರಡು ಬೆರಳಿನಿಂದ ಆಚೀಚೆ ಆಡಿಸಿ ನೋಡಿದರು.

‘ಯಾರು ಮಾಡಿದ್ದು ಇದನ್ನ? ಕೀಲು ಜಗ್ಗಿದೆ. ಇಷ್ಟು ದೊಡ್ಡ ಆಸ್ಪತ್ರೇಲಿ ಬಾಗಿಲಿಗೇ ಕಾಯಿಲೆ!’

‘ಅಪ್ಪಾ, ನಾವು ಬಾಗಿಲು ನೋಡೋಕೆ ಬಂದಿಲ್ಲ,’ ಎಂದಳು ಮಗಳು.

‘ನೋಡಿದ್ರೆ ತಪ್ಪೇನು, ಅದಕ್ಕೂ ಫೀಸಾ?’

ಕಂಡಕ್ಟ್ರಮ್ಮ ನಕ್ಕುಬಿಟ್ಟರು. ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿದರು. ಮೇಸ್ತ್ರಿಗೆ ಸಕ್ಕರೆ ಕಾಯಿಲೆ ಬಹಳ ಹಳೆಯದು. ಅದು ಕಿಡ್ನಿಯನ್ನು ಸವೆಸಿತ್ತು. ಹೃದಯ ಸೋತು ಕಾಲು ಊದಿಕೊಳ್ಳುತ್ತಿತ್ತು. ಪಾದದ ನರಗಳು ಸತ್ತುಹೋಗಿದ್ದರಿಂದ, ಕೆಲಸದ ಜಾಗದಲ್ಲಿ ಮರದ ಸಿಬಿರು ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಚಪ್ಪಲಿಯಲ್ಲಿ ರಕ್ತ ನೋಡಿದವರು ಹೆಂಡತಿ. ಆ ಗಾಯ ಮಾಯದೆ ಹುಣ್ಣಾಗಿತ್ತು.

ಮಾತ್ರೆಗಳೆಲ್ಲ ಎಲ್ಲಿ ಎಂದು ಕೇಳಿದಾಗ ಹೆಂಡತಿ ಒಂದು ಬಟ್ಟೆಯ ಚೀಲವನ್ನು ಮೇಜಿನ ಮೇಲೆ ಸುರಿದರು. ಕಂಡಕ್ಟ್ರಮ್ಮ ಅದನ್ನು ಹಾಗೇ ಎತ್ತಿಕೊಂಡು ನನ್ನ ಕಿಟಕಿಗೆ ತಂದರು. ನಾನು ಬಿಡಿಸಿ ನೋಡಿದರೆ ಒಂದೇ ಮಾತ್ರೆ ಎರಡು ಕಂಪನಿಯ ಎರಡು ಹೆಸರಲ್ಲಿತ್ತು; ಪಾಪ, ಅವರು ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಡಾಕ್ಟರಿಗೆ ಫೋನು ಮಾಡಿ ಒಂದನ್ನು ನಿಲ್ಲಿಸಿದೆವು. ಎಲ್ಲ ವಿಭಾಗದವರೂ ಒಂದೇ ದಿನ ನೋಡುವ ಹಾಗೆ ಕಂಡಕ್ಟ್ರಮ್ಮ ಹೇಳಿ, ಬೇಡಿ, ಒಂದೆರಡು ಕಡೆ ಜಗಳವಾಡಿ ಗೊತ್ತುಮಾಡಿದರು. ನೀರು ಎಷ್ಟು ಕುಡಿಯಬೇಕು ಎನ್ನುವುದಕ್ಕೆ ಒಂದು ಬಾಟಲಿ ಕೊಟ್ಟು, ‘ದಿನಕ್ಕೆ ಇಷ್ಟೇ, ಚಹಾನೂ ಇದರಲ್ಲೇ ಲೆಕ್ಕ’ ಎಂದರು.

‘ಬಾಯಾರಿದ್ರೆ?’ ಎಂದರು ಮೇಸ್ತ್ರಿ.

‘ಮಗಳನ್ನ ಬೈರಿ, ಬಾಯಿ ಒದ್ದೆ ಆಗತ್ತೆ.’

ಮಗಳೂ ನಕ್ಕಳು. ಅವತ್ತಿನಿಂದ ಆ ಮನೆಯವರಿಗೆ ಕಂಡಕ್ಟ್ರಮ್ಮನ ಮೇಲೆ ನಂಬಿಕೆ ಬಂತು. ಏನೇ ಅನುಮಾನ ಬಂದರೂ ಮಗಳು ಅವರಿಗೇ ಫೋನು ಮಾಡುತ್ತಿದ್ದಳು. ಹುಣ್ಣಿಗೆ ಬಟ್ಟೆ ಕಟ್ಟುವುದನ್ನು ಹೆಂಡತಿ ನಮ್ಮ ನರ್ಸುಗಳ ಹತ್ತಿರ ಕಲಿತರು. ಒಂದು ಮಾತೂ ಆಡದೆ, ಮುಖ ಗಂಟಿಕ್ಕದೆ, ದಿನವೂ ಮಾಡುತ್ತಿದ್ದರು.

ಕೆಲವು ತಿಂಗಳು ಹೀಗೆ ನಡೆಯಿತು. ಆಮೇಲೆ ಪಾದ ಕಪ್ಪಾಗತೊಡಗಿತು.

ಸರ್ಜರಿಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರಾದರೂ ನಿಧಾನ ಸ್ವಭಾವದ ಹೆಣ್ಣುಮಗಳು. ಮೇಸ್ತ್ರಿಯನ್ನು ಪರೀಕ್ಷೆಗೆ ಒಳಗೆ ಕಳಿಸಿದ್ದಾಗ ಮಗಳೂ ಮಗನೂ ಮುಂದಾಗಿ ಕೇಳಿದರು. ಡಾಕ್ಟರು ಮುಚ್ಚಿಡಲಿಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು. ತಡಮಾಡಿದರೆ ಸೋಂಕು ಮೇಲಕ್ಕೆ ಏರುತ್ತದೆ. ನಾಳೆ ರೋಗಿಯನ್ನೇ ಕೂರಿಸಿಕೊಂಡು ಮಾತಾಡುತ್ತೇನೆ ಎಂದು ಹೇಳಿ ಇನ್ನೊಂದು ಆಪರೇಷನ್ನಿಗೆ ಹೋದರು.

ಮಗಳು ನೇರವಾಗಿ ಕಂಡಕ್ಟ್ರಮ್ಮನ ಕೋಣೆಗೆ ಬಂದಳು. ಮಗ ಅವಳ ಹಿಂದೆ ನಿಂತ.

‘ಅಪ್ಪನಿಗೆ ಇದು ಗೊತ್ತಾಗಬಾರದು ಕಂಡಕ್ಟ್ರಮ್ಮ. ಹುಣ್ಣು ಕ್ಲೀನ್ ಮಾಡ್ತಾರೆ ಅಂತ ಹೇಳಿ ಒಳಗೆ ಕಳಿಸೋಣ. ಸಹಿ ನಾವು ಹಾಕ್ತೀವಿ. ಡಾಕ್ಟರಿಗೂ ನೀವೇ ಹೇಳಿ.’

‘ಎಚ್ಚರ ಆದ್ಮೇಲೆ?’

‘ಆಮೇಲೆ ನೋಡ್ಕೊಳೋಣ. ಒಳಗೆ ಹೋದ್ಮೇಲೆ ಗೊತ್ತಾಯ್ತು, ಬೇರೆ ದಾರಿ ಇರಲಿಲ್ಲ ಅಂದ್ರಾಯ್ತು. ಈಗ್ಲೇ ಹೇಳಿದ್ರೆ ಎದೆ ಒಡ್ಕೊಂಡು ಹೋಗ್ಬಿಡ್ತಾರೆ. ನಿಮಗೆ ನಮ್ಮಪ್ಪ ಗೊತ್ತಿಲ್ಲ. ನಿಂತ್ಕೊಂಡೇ ಬದುಕಿದ ಮನುಷ್ಯ ಅವರು.’

ಕಂಡಕ್ಟ್ರಮ್ಮ ‘ನನ್ನಿಂದ ಆಗಲ್ಲಮ್ಮ,’ ಎಂದರು. ‘ನಿಮ್ಮ ಬೆನ್ನ ಹಿಂದೆ ಹೋಗಿ ಅವರಿಗೆ ಹೇಳೋದೂ ಇಲ್ಲ. ಆದರೆ ಕ್ಲೀನ್ ಮಾಡ್ತಾರೆ ಅಂತ ನನ್ನ ಬಾಯಲ್ಲಿ ಬರಲ್ಲ. ಡಾಕ್ಟರಮ್ಮನೂ ಒಪ್ಪಲ್ಲ. ಕಾಲು ಅವರದು.’

ಮಗಳಿಗೆ ಸಿಟ್ಟು ನೆತ್ತಿಗೇರಿತು. ‘ಇಷ್ಟು ದಿನ ನಮ್ಮವರ ಹಾಗೆ ಇದ್ರಲ್ಲ, ಅದೆಲ್ಲ ಕೆಲಸಕ್ಕೆ ಮಾಡಿದ್ದಾ? ಹೋಗಲಿ ಬಿಡಿ,’ ಎಂದು ಎದ್ದಳು. ಸೀದಾ ಆಡಳಿತದ ಕಚೇರಿಗೆ ಹೋಗಿ ದೂರು ಕೊಟ್ಟಳು. ಸಂಜೆ ಅಲ್ಲಿಂದ ಕರೆ ಬಂತು. ಮನೆಯವರ ಮನಸ್ಸು ನೋಯಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಅಧಿಕಾರಿ ಕೇಳಿದರಂತೆ. ಕಂಡಕ್ಟ್ರಮ್ಮ ತಲೆ ತಗ್ಗಿಸಿ ನಿಂತು ಬಂದರು. ಬಂದು ನನ್ನ ಕಿಟಕಿಯ ಹತ್ತಿರ ಒಂದು ಲೋಟ ನೀರು ಕೇಳಿ ಕುಡಿದರು. ಈ ದೂರಿನ ವಿಷಯ ಆಮೇಲೆ ನನಗೆ ಬೇರೆಯವರಿಂದ ತಿಳಿಯಿತು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಮೇಸ್ತ್ರಿ ಒಬ್ಬರೇ ಇದ್ದರು. ಕಂಡಕ್ಟ್ರಮ್ಮನನ್ನು ಕರೆದು ಹಾಸಿಗೆಯ ಪಕ್ಕದಲ್ಲಿ ಕೂರಿಸಿಕೊಂಡರು.

‘ನಿನ್ನೆಯಿಂದ ಎಲ್ಲರೂ ನನ್ನ ಮುಖ ನೋಡ್ತಾ ಇದ್ದಾರೆ ತಾಯಿ. ಕಾಲು ಮಾತ್ರ ಯಾರೂ ನೋಡ್ತಿಲ್ಲ.’

‘ನಿಮಗೇನು ಅನ್ಸತ್ತೆ?’

‘ಗೆದ್ದಲು ಹಿಡಿದ ಚೌಕಟ್ಟು ಎಷ್ಟು ನೋಡಿಲ್ಲ ನಾನು? ಬಣ್ಣ ಬಳಿದ್ರೆ ನಿಲ್ಲಲ್ಲ.’

‘ಹಾಗಾದ್ರೆ ಮಕ್ಕಳನ್ನ ಕೇಳಬಹುದಲ್ಲ.’

‘ಕೇಳಿದ್ರೆ ಮಗಳು ಹೇಳಬೇಕಾಗತ್ತೆ. ಹೇಳೋವಾಗ ಅಳ್ತಾಳೆ. ನಿನ್ನೆ ಜೋರಾಗಿ ನಗ್ತಾ ಕಿತ್ತಳೆ ಹಣ್ಣು ತಂದಳು. ನನಗೆ ಹಣ್ಣು ಕೊಡಬಾರದು ಅಂತ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಅಷ್ಟು ಗಾಬರಿಯಾಗಿದಾಳೆ ಮಗು. ಅವಳು ಸುಳ್ಳು ಹೇಳಿ ಗೆಲ್ಲಲಿ ಅಂತ ಸುಮ್ಮನಿದೀನಿ.’

ಇದನ್ನು ನನಗೆ ಹೇಳುವಾಗ ಕಂಡಕ್ಟ್ರಮ್ಮನ ಕಣ್ಣು ತುಂಬಿತ್ತು. ಅಪ್ಪನನ್ನು ಕಾಪಾಡಲು ಮಗಳು, ಮಗಳನ್ನು ಕಾಪಾಡಲು ಅಪ್ಪ. ನಡುವೆ ಕಾಲು ಕೊಳೆಯುತ್ತಿತ್ತು.

ಅವರು ಮಗಳನ್ನು ಹುಡುಕಿಕೊಂಡು ಹೋದರು. ಅವಳು ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಇವರನ್ನು ನೋಡಿ ಮುಖ ತಿರುಗಿಸಿದಳು. ಕಂಡಕ್ಟ್ರಮ್ಮ ಪಕ್ಕದಲ್ಲಿ ಕೂತು, ಸಮಾಧಾನದ ಮಾತು ಒಂದೂ ಆಡದೆ, ತಮ್ಮ ಕಥೆ ಹೇಳಿದರು. ಗಂಟಲಿನ ಗಂಟು, ಅಣ್ಣ, ಬಾಗಿಲ ಮೇಲಿನ ಅಕ್ಷರ.

‘ನಮ್ಮಣ್ಣ ಒಳ್ಳೆಯವನು. ನನಗೋಸ್ಕರಾನೇ ಮುಚ್ಚಿಟ್ಟ. ನನಗೆ ಗೊತ್ತಾಗಿದೆ ಅಂತ ಅವನಿಗೂ ಗೊತ್ತಿತ್ತು. ಮನೇಲಿ ಮೂರೇ ಜನ. ಮೂವರೂ ನಾಟಕ ಆಡಿದ್ವಿ. ನಾನು ಸಾಯ್ತೀನೇನೋ ಅಂತ ಹೆದರಿಕೆ ಆಗ್ತಿತ್ತು. ಯಾರ ಹತ್ರ ಹೇಳಲಿ? ಹೇಳಿದ್ರೆ ಅವರ ನಾಟಕ ಕೆಟ್ಟುಹೋಗತ್ತೆ. ಅಮ್ಮ ಊಟಕ್ಕೆ ಬಡಿಸ್ತಿದ್ರೆ, ಅಷ್ಟು ಹತ್ತಿರ ಇದ್ರೂ, ನಾನು ಯಾವುದೋ ಬೇರೆ ಊರಲ್ಲಿ ಇದ್ದ ಹಾಗೆ. ಕಾಯಿಲೆಗಿಂತ ಅದು ಹೆಚ್ಚು ತಿಂದುಹಾಕಿತು ನನ್ನ.’

‘ನೀವು ಬದುಕಿದ್ರಿ ಅಲ್ವಾ,’ ಎಂದಳು ಮಗಳು. ‘ಹೇಳದೆ ಇದ್ದಿದ್ರಿಂದ್ಲೇ ಬದುಕಿದ್ರೇನೋ.’

‘ಇರಬಹುದು,’ ಎಂದರು ಕಂಡಕ್ಟ್ರಮ್ಮ. ‘ಹೇಗೆ ಹೇಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಡಾಕ್ಟರಮ್ಮ ಇವತ್ತು ಮಧ್ಯಾಹ್ನ ಬಿಡುವು ಮಾಡ್ಕೊಂಡಿದಾರೆ. ಕಿಡ್ನಿ ಡಾಕ್ಟರೂ ಬರ್ತಾರೆ. ಎಲ್ಲರೂ ಒಂದೇ ಕೋಣೇಲಿ ಕೂರೋಣ. ಅಪ್ಪನೂ ಇರಲಿ. ನಿಮ್ಮ ಕೈಲಿ ಆಗದೇ ಇದ್ರೆ ಡಾಕ್ಟರು ಹೇಳ್ತಾರೆ. ನೀವು ಅವರ ಪಕ್ಕ ಕೂತಿದ್ರೆ ಸಾಕು.’

ಮಧ್ಯಾಹ್ನ ವಾರ್ಡಿನ ಕೊನೆಯ ಕೋಣೆಯಲ್ಲಿ ಕುರ್ಚಿ ಹಾಕಿಸಿದರು. ಬೆಡ್‌ಶೀಟು, ದಿಂಬು ಇಡುವ ಕೋಣೆ ಅದು. ಒಂದು ಕಿಟಕಿ, ಅದರಾಚೆ ಗೋಡೆ. ಮೇಸ್ತ್ರಿಯನ್ನು ಗಾಲಿಕುರ್ಚಿಯಲ್ಲಿ ತಂದು ನಡುವೆ ನಿಲ್ಲಿಸಿದರು. ಇಬ್ಬರು ಡಾಕ್ಟರು, ಮಗ, ಮಗಳು, ಹೆಂಡತಿ, ಕಂಡಕ್ಟ್ರಮ್ಮ. ಮಾತ್ರೆಯ ಬದಲಾವಣೆ ಇದ್ದುದರಿಂದ ನನ್ನನ್ನೂ ಕರೆದಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಸರ್ಜರಿ ಡಾಕ್ಟರು ಮಗಳ ಕಡೆ ನೋಡಿದರು. ಮಗಳು ಬಾಯಿ ತೆರೆದಳು, ‘ಅಪ್ಪಾ, ಹುಣ್ಣು ಸ್ವಲ್ಪ...’ ಎಂದಳು, ಅಲ್ಲಿಗೇ ನಿಂತಳು. ಮಗ ನೆಲ ನೋಡುತ್ತಿದ್ದ. ಡಾಕ್ಟರು ಇನ್ನೇನು ಮಾತು ತೆಗೆಯಬೇಕು, ಅಷ್ಟರಲ್ಲಿ ಹೆಂಡತಿ ಎದ್ದರು. ಗಂಡನ ಹತ್ತಿರ ಹೋಗಿ, ಬಟ್ಟೆ ಸುತ್ತಿದ ಪಾದದ ಮೇಲೆ ಕೈಯಿಟ್ಟರು.

‘ಕಾಲು ತೆಗೀಬೇಕಂತೆ ರೀ.’

ಅಷ್ಟು ತಿಂಗಳಲ್ಲಿ ಆಕೆಯ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು.

‘ಅಮ್ಮಾ!’ ಎಂದಳು ಮಗಳು.

‘ನೀನು ಸುಮ್ಮನಿರೇ. ದಿನಾ ಬಟ್ಟೆ ಬಿಚ್ಚೋಳು ನಾನು. ವಾಸನೆ ನನಗೆ ಗೊತ್ತಾಗಲ್ವಾ? ಅವರಿಗೆ ಗೊತ್ತಾಗಲ್ವಾ? ನಾವಿಬ್ರೂ ಒಬ್ಬರಿಗೊಬ್ಬರು ಮುಖ ಕೊಡದೆ ಎಷ್ಟು ದಿನ ಆಯ್ತು ಕೇಳು ನಿಮ್ಮಪ್ಪನ್ನ.’

ಮೇಸ್ತ್ರಿ ಹೆಂಡತಿಯ ಕೈಯ ಮೇಲೆ ತಮ್ಮ ಕೈ ಇಟ್ಟರು. ಮಗಳು ಬಿಕ್ಕತೊಡಗಿದಳು. ಆಮೇಲೆ ಮೇಸ್ತ್ರಿ ತಲೆಯೆತ್ತಿ ಡಾಕ್ಟರನ್ನು ಕೇಳಿದರು:

‘ಎಲ್ಲಿಗೆ ಕುಯ್ತೀರಿ?’

ಡಾಕ್ಟರು ಎದ್ದು ಬಂದು, ಮೊಣಕಾಲಿನ ಕೆಳಗೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು.

‘ಗರಗಸಾನೇ ಅಲ್ವಾ?’

‘ಹೌದು. ಚಿಕ್ಕದು.’

‘ಹಲ್ಲು ಸಣ್ಣದಿರಬೇಕು. ಇಲ್ದಿದ್ರೆ ಅಂಚು ಸಿಬಿರಾಗತ್ತೆ,’ ಎಂದರು ಮೇಸ್ತ್ರಿ. ಆ ಯುವ ಡಾಕ್ಟರು ನಗಬೇಕೋ ಬೇಡವೋ ತಿಳಿಯದೆ, ‘ಸಣ್ಣದೇ ಇದೆ’ ಎಂದರು.

ಆಮೇಲೆ ಮೇಸ್ತ್ರಿ ಸಾಲಾಗಿ ಕೇಳಿದರು. ಮರದ ಕಾಲು ಹಾಕಬಹುದೇ, ಅದರ ಮೇಲೆ ದಿನವಿಡೀ ನಿಲ್ಲಬಹುದೇ, ಕಿಡ್ನಿ ತಡೆಯುತ್ತದೆಯೇ, ಹೃದಯ ತಡೆಯುತ್ತದೆಯೇ. ಇಬ್ಬರೂ ಡಾಕ್ಟರು ಏನನ್ನೂ ಮುಚ್ಚಿಡದೆ ಹೇಳಿದರು. ಕೃತಕ ಕಾಲು ಹಾಕಬಹುದು, ಆದರೆ ಈ ಹೃದಯದಲ್ಲಿ ದಿನವಿಡೀ ನಿಲ್ಲುವುದು ಕಷ್ಟ. ಆಪರೇಷನ್ನಿನ ಒತ್ತಡಕ್ಕೆ ಕಿಡ್ನಿ ಕೈಕೊಡಬಹುದು, ಆಗ ಡಯಾಲಿಸಿಸ್ ಬೇಕಾಗುತ್ತದೆ. ಮಾಡಿಸದಿದ್ದರೆ ಸೋಂಕು ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ. ತಡಮಾಡಿದಷ್ಟೂ ಕುಯ್ಯುವ ಜಾಗ ಮೇಲೆ ಹೋಗುತ್ತದೆ.

ಎಲ್ಲ ಕೇಳಿಕೊಂಡು ಮೇಸ್ತ್ರಿ, ‘ನನ್ನ ಮನೆಗೆ ಕರ್ಕೊಂಡು ಹೋಗಿ,’ ಎಂದರು. ‘ಯೋಚನೆ ಮಾಡಬೇಕು.’

ಎಷ್ಟು ಹೇಳಿದರೂ ಕೇಳಲಿಲ್ಲ. ಚುಚ್ಚುಮದ್ದಿಗೆ ದಿನವೂ ನರ್ಸು ಮನೆಗೆ ಬರುವ ಏರ್ಪಾಟು ಮಾಡಿ ಕಳಿಸಬೇಕಾಯಿತು. ಲಿಫ್ಟಿನ ಹತ್ತಿರ ಮಗ ಮೊದಲ ಬಾರಿಗೆ ಕಂಡಕ್ಟ್ರಮ್ಮನ ಮೇಲೆ ಹರಿಹಾಯ್ದ. ‘ಸಮಾಧಾನ ಆಯ್ತಾ ನಿಮಗೆ? ಇದಕ್ಕೇ ಬೇಡ ಅಂದಿದ್ದು ನಾವು.’

ಆ ವಾರ ಕಂಡಕ್ಟ್ರಮ್ಮ ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಲಿಲ್ಲ. ದಿನವೂ ಫೋನು ಮಾಡುತ್ತಿದ್ದರು, ಮಗಳು ಎತ್ತುತ್ತಿರಲಿಲ್ಲ. ಮನೆಗೆ ಹೋಗುವ ನರ್ಸಿನಿಂದ ಸುದ್ದಿ ಕೇಳುತ್ತಿದ್ದರು. ಜ್ವರ ಬರುತ್ತಿದೆ, ಪಾದದ ಕಪ್ಪು ಏರುತ್ತಿದೆ. ವಾರದ ಕೊನೆಗೆ ತಡೆಯಲಾರದೆ ತಾವೇ ಹೊರಟರು.

ಮೇಸ್ತ್ರಿಯ ಮನೆಯ ಮುಂದಿನ ಭಾಗವೇ ಅಂಗಡಿ. ರಸ್ತೆಗೆ ತೆರೆದ ಅಗಲದ ಬಾಗಿಲು, ಗೋಡೆಗೆ ಒರಗಿಸಿದ ಹಲಗೆಗಳು, ನೆಲದ ತುಂಬ ಮರದ ಹೊಟ್ಟು. ಒಳಗೆ ಮೇಸ್ತ್ರಿ ಒಂದು ಗಿಡ್ಡ ಪೀಠದ ಮೇಲೆ ಕೂತಿದ್ದರು. ಕೆಟ್ಟ ಕಾಲನ್ನು ದಿಂಬಿನ ಮೇಲೆ ಚಾಚಿದ್ದರು. ಎದುರಿಗೆ ಹೊಸದಾಗಿ ಹೊಡೆದ ತಗ್ಗಿನ ಕೆಲಸದ ಮೇಜು, ಸೊಂಟದ ಎತ್ತರದ್ದಲ್ಲ, ಕೂತವನ ಎದೆಯ ಮಟ್ಟದ್ದು. ಮರ ನುಣುಪು ಮಾಡುವ ಹತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹಲಗೆಯ ಮೇಲೆ ತಳ್ಳುತ್ತಿದ್ದರು. ಹಣೆಯಲ್ಲಿ ಬೆವರು. ಮಗ ಹಲಗೆಯ ಇನ್ನೊಂದು ತುದಿ ಹಿಡಿದಿದ್ದ.

‘ಬನ್ನಿ ತಾಯಿ,’ ಎಂದರು ಮೇಸ್ತ್ರಿ. ‘ನಿಂತ್ರೆ ಮೈಭಾರ ಬೀಳತ್ತೆ, ಹತ್ತರಿ ತಾನಾಗೇ ಹೋಗತ್ತೆ. ಕೂತ್ರೆ ಎಲ್ಲಾ ತೋಳಿಂದ್ಲೇ ಆಗಬೇಕು. ಮೊದಲನೇ ಮೇಜು ಎತ್ತರ ಜಾಸ್ತಿ ಆಯ್ತು. ಎರಡನೇದು ಅಲ್ಲಾಡ್ತಿತ್ತು. ಇದು ಪರವಾಗಿಲ್ಲ.’

‘ಇದನ್ನ ನೋಡೋಕೇ ಮನೆಗೆ ಬಂದ್ರಾ ನೀವು?’ ಎಂದರು ಕಂಡಕ್ಟ್ರಮ್ಮ.

‘ಮತ್ತೆ? ಕಾಲು ಹೋದ್ಮೇಲೆ ಬದುಕ್ತೀನಾ ಅಂತ ಡಾಕ್ಟರು ಹೇಳ್ತಾರೆ. ಬದುಕಿ ಏನು ಮಾಡ್ತೀನಿ ಅಂತ ಅವರು ಹೇಳೋಕಾಗತ್ತಾ? ದೊಡ್ಡ ಬಾಗಿಲು ಇನ್ನು ಇವನು ಮಾಡ್ಲಿ. ಪೆಟ್ಟಿಗೆ, ಸ್ಟೂಲು, ಸಣ್ಣಪುಟ್ಟದ್ದು ನಾನು ಮಾಡಬಲ್ಲೆ.’ ಹತ್ತರಿಯನ್ನು ಪಕ್ಕಕ್ಕಿಟ್ಟರು. ‘ನಾಳೆ ಬರ್ತೀನಿ ಅಂತ ಹೇಳಿ ಡಾಕ್ಟರಮ್ಮನಿಗೆ.’

ಮರುದಿನ ಬಂದರು. ಸಹಿಯನ್ನು ತಾವೇ ಹಾಕಿದರು. ಆದರೆ ಸೋಂಕು ಅಷ್ಟರಲ್ಲಿ ಮೊಣಕಾಲು ಮುಟ್ಟಿತ್ತು. ಡಾಕ್ಟರು ಹಿಂದೆ ತೋರಿಸಿದ್ದ ಗೆರೆ ಉಪಯೋಗಕ್ಕೆ ಬರಲಿಲ್ಲ. ತೊಡೆಯ ನಡುವಿನಿಂದ ಕಾಲು ತೆಗೆಯಬೇಕಾಯಿತು. ಮೊಣಕಾಲು ಉಳಿದಿದ್ದರೆ ಕೃತಕ ಕಾಲಿನಲ್ಲಿ ಒಂದಿಷ್ಟು ನಡೆದಾಡಬಹುದಿತ್ತು. ಈಗ ಅದೂ ಇಲ್ಲ.

ಆಪರೇಷನ್ ಥಿಯೇಟರಿನ ಹೊರಗೆ ಮಗಳು ಕಂಡಕ್ಟ್ರಮ್ಮನ ಮುಂದೆ ನಿಂತಳು. ಈ ಸಲ ಅವಳು ಕೂಗಲಿಲ್ಲ.

‘ಅವತ್ತೇ ಕ್ಲೀನ್ ಮಾಡ್ತಾರೆ ಅಂತ ಒಳಗೆ ಕಳಿಸಿದ್ದಿದ್ರೆ, ಮೊಣಕಾಲು ಉಳೀತಿತ್ತು.’

‘ಹೌದಮ್ಮ,’ ಎಂದರು ಕಂಡಕ್ಟ್ರಮ್ಮ. ‘ಉಳೀತಿತ್ತು.’

ಅಷ್ಟೇ. ಅದರ ಮುಂದೆ ‘ಆದರೆ’ ಎಂದು ಒಂದು ಮಾತು ಸೇರಿಸಬಹುದಿತ್ತು, ನಾನಾಗಿದ್ದರೆ ಸೇರಿಸುತ್ತಿದ್ದೆ. ಅವರು ಸೇರಿಸಲಿಲ್ಲ. ಮನೆಗೂ ಹೋಗದೆ ಮೇಸ್ತ್ರಿಗೆ ಪ್ರಜ್ಞೆ ಬರುವತನಕ ಅಲ್ಲೇ ಬೆಂಚಿನಲ್ಲಿ ಕೂತಿದ್ದರು.

ಎಚ್ಚರವಾದಾಗ ಮೇಸ್ತ್ರಿ ಹೊದಿಕೆಯ ಮೇಲೆ ಕೈಯಾಡಿಸಿ ನೋಡಿಕೊಂಡರು. ಹಾಸಿಗೆ ಎಲ್ಲಿ ಚಪ್ಪಟೆಯಾಗುತ್ತದೆ ಎಂದು ಹುಡುಕಿದರು. ಅವರಿಗೆ ಏನನ್ನೂ ಹೇಳುವ ಅಗತ್ಯ ಬೀಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಹೆಂಡತಿ ತಲೆ ಸವರುತ್ತ ತಾವೂ ಅತ್ತರು. ಮಗಳು ಕಾಲ ದೆಸೆಯಲ್ಲಿ ನಿಂತಿದ್ದವಳು, ಮೆಲ್ಲಗೆ ಬಂದು ಅಪ್ಪನ ಹೆಗಲಿಗೆ ಹಣೆ ಹಚ್ಚಿದಳು.

ಆಮೇಲಿನ ಎರಡು ಚಿಲ್ಲರೆ ವರ್ಷ ಸುಲಭವಾಗಿರಲಿಲ್ಲ. ಡಾಕ್ಟರು ಹೆದರಿದಂತೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಗ ಕರೆತರುವುದು, ಮಗಳು ಶಾಲೆ ಮುಗಿಸಿ ಬಂದು ಕರೆದೊಯ್ಯುವುದು, ಹೆಂಡತಿ ಅಡುಗೆಯಲ್ಲಿ ಉಪ್ಪು ನೋಡುವುದು. ಇವನ್ನೆಲ್ಲ ಅವರವರೇ ಹಂಚಿಕೊಂಡರು. ಮೊದಮೊದಲು ಕಂಡಕ್ಟ್ರಮ್ಮ ಕೂಡಿಸಿ ಹೇಳಬೇಕಾಗುತ್ತಿತ್ತು. ಬರಬರುತ್ತ ಅವರೇ ಡಾಕ್ಟರನ್ನು ನಿಲ್ಲಿಸಿ ಪ್ರಶ್ನೆ ಕೇಳತೊಡಗಿದರು. ಮೇಸ್ತ್ರಿಯ ಎದುರಿಗೇ ಕೇಳುತ್ತಿದ್ದರು. ಕೆಲವೊಮ್ಮೆ ಅವರ ಎದುರಿಗೇ ಜಗಳವಾಡುತ್ತಿದ್ದರು. ‘ನಾನಿನ್ನೂ ಇಲ್ಲೇ ಇದೀನಿ ಕಣ್ರೋ’ ಎಂದು ಮೇಸ್ತ್ರಿ ರೇಗಿಸುತ್ತಿದ್ದರು. ಡಯಾಲಿಸಿಸ್ ಇಲ್ಲದ ದಿನ ತಗ್ಗಿನ ಮೇಜಿನಲ್ಲಿ ಕೂತು ಸ್ಟೂಲು ಮಾಡುತ್ತಿದ್ದರು. ಒಂದಿಷ್ಟು ಚೆನ್ನಾಗಿ ಬಂದವು, ಒಂದಿಷ್ಟು ಕುಂಟಿದವು. ಕುಂಟಿದವನ್ನು ‘ಇದು ನನ್ನ ಜಾತಿ’ ಎಂದು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು.

ಕೊನೆಗೆ ಹೃದಯ ಡಯಾಲಿಸಿಸನ್ನು ತಡೆಯದಾಯಿತು. ಪ್ರತಿ ಸಲವೂ ಅರ್ಧಕ್ಕೆ ರಕ್ತದೊತ್ತಡ ಇಳಿದು ಮೂರ್ಛೆ ಹೋಗುತ್ತಿದ್ದರು. ಒಂದು ದಿನ ಮನೆಯಲ್ಲಿ ಅವರೇ ಮೂವರನ್ನೂ ಕರೆದು ಕೂರಿಸಿದರಂತೆ. ‘ಇನ್ನು ಸಾಕು ಅನ್ಸತ್ತೆ. ನಿಲ್ಲಿಸಿದ್ರೆ ಏನಾಗತ್ತೆ ಅಂತ ಡಾಕ್ಟರನ್ನ ಕೇಳ್ಕೊಂಡು ಬಂದಿದೀನಿ. ನೀವು ಮೂರು ಜನ ಏನಂತೀರಿ ಹೇಳಿ,’ ಎಂದರಂತೆ. ಮಗ ಬೇಡ ಎಂದು ಹಟ ಹಿಡಿದ. ಎರಡು ದಿನ ಅಪ್ಪನ ಹತ್ತಿರ ಮಾತು ಬಿಟ್ಟ. ಮೂರನೆಯ ದಿನ ಅವನೇ ಬಂದು ಪಕ್ಕದಲ್ಲಿ ಕೂತ.

ಮಗಳು ಕಂಡಕ್ಟ್ರಮ್ಮನಿಗೆ ಫೋನು ಮಾಡಿದಳು. ‘ಏನೂ ಮಾಡೋದು ಬೇಡ. ಸುಮ್ಮನೆ ಬಂದು ಹೋಗ್ತೀರಾ?’ ಎಂದಳು. ನೋವು, ಉಸಿರಾಟದ ಕಷ್ಟ ಕಡಿಮೆ ಮಾಡುವ ಔಷಧಿಗಳನ್ನು ಡಾಕ್ಟರು ಬರೆದುಕೊಟ್ಟಿದ್ದರು. ನಾನು ಕಟ್ಟಿಕೊಟ್ಟೆ, ಅವರು ತೆಗೆದುಕೊಂಡು ಹೋದರು. ಯಾವುದನ್ನು ಯಾವಾಗ ಕೊಡಬೇಕೆಂದು ಹೇಳಿಕೊಟ್ಟು, ಒಂದು ಮಧ್ಯಾಹ್ನ ಪೂರ್ತಿ ಮೇಸ್ತ್ರಿಯ ಹತ್ತಿರ ಕೂತು ಬಂದರು. ಅದಾಗಿ ನಾಲ್ಕೈದು ದಿನಕ್ಕೆ, ಬಿಸಿಲು ಏರುವ ಹೊತ್ತಿನಲ್ಲಿ, ಅಂಗಡಿಗೆ ಹೊಂದಿದ ಕೋಣೆಯಲ್ಲಿ, ಹೆಂಡತಿ ಬಾಯಿಗೆ ಹನಿ ನೀರು ಬಿಡುತ್ತಿರುವಾಗ ಮೇಸ್ತ್ರಿ ತೀರಿಕೊಂಡರು. ಆಗ ನಾಲ್ವರೂ ಒಂದೇ ಕೋಣೆಯಲ್ಲಿದ್ದರು.

ಒಂದು ತಿಂಗಳ ಮೇಲೆ ತಾಯಿಯೂ ಮಗಳೂ ಆಸ್ಪತ್ರೆಗೆ ಬಂದರು, ಎರವಲು ಪಡೆದಿದ್ದ ಗಾಲಿಕುರ್ಚಿ ಹಿಂದಿರುಗಿಸಲು. ಉಳಿದ ಔಷಧಿಗಳನ್ನು ನನ್ನ ಕಿಟಕಿಗೆ ತಂದುಕೊಟ್ಟರು. ಕಂಡಕ್ಟ್ರಮ್ಮ ಹೊರಗೆ ಬಂದು ಅವರ ಜೊತೆ ಬೆಂಚಿನಲ್ಲಿ ಕೂತರು.

ಮಗಳು ಹೇಳಿದಳು: ‘ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಅಮ್ಮನಿಗೇ ಹೀಗಾದ್ರೂ, ನನಗೆ ಮೊದಲು ಬರೋ ಯೋಚನೆ ಮುಚ್ಚಿಡೋಣ ಅಂತಾನೇ. ನೀವು ಮಾಡಿದ್ದು ಸರಿ ಅಂತ ನನಗೆ ಇನ್ನೂ ಅನ್ಸಿಲ್ಲ. ಆ ಮೊಣಕಾಲು ನನ್ನ ಕಣ್ಣಿಂದ ಹೋಗ್ತಿಲ್ಲ.’

‘ನನ್ನ ಕಣ್ಣಿಂದ್ಲೂ ಹೋಗಿಲ್ಲ,’ ಎಂದರು ಕಂಡಕ್ಟ್ರಮ್ಮ.

ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ‘ಇವಳು ಏನೋ ಒಂದು ಹೇಳ್ತಾಳೆ,’ ಎಂದರು. ‘ನಾನು ಮಾತ್ರ ಆ ಎರಡು ವರ್ಷ ಅವರ ಹತ್ರ ಎಲ್ಲಾ ಮಾತಾಡಿದೆ. ಮದುವೆ ಆದಾಗಿಂದ ಆಡದೇ ಇದ್ದದ್ದನ್ನೆಲ್ಲ.’

ಕಂಡಕ್ಟ್ರಮ್ಮನಿಗೆ ಅದನ್ನು ಕೇಳಿ ಏನೋ ಹೊಳೆಯಿತು. ವಾರ್ಡಿನಲ್ಲಿ ಹೀಗೇ ಕಾಲು ತೆಗೆಸಬೇಕಾದ ಇನ್ನೊಬ್ಬರಿದ್ದಾರೆ, ಅವರ ಹೆಂಡತಿ ಯಾರ ಹತ್ತಿರವೂ ಮಾತಾಡುತ್ತಿಲ್ಲ, ಒಂದು ಗಳಿಗೆ ಬಂದು ಕೂರುತ್ತೀರಾ ಎಂದು ಕೇಳಿದರು.

ಮೇಸ್ತ್ರಿಯ ಹೆಂಡತಿ ಮೆಟ್ಟಿಲ ಕಡೆ ನೋಡಿದರು. ಡೆಟ್ಟಾಲಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು.

‘ಬೇಡಮ್ಮ,’ ಎಂದರು. ‘ಆ ವಾಸನೆ ಇನ್ನು ನನ್ನ ಕೈಲಿ ಆಗಲ್ಲ. ಕೋಪ ಮಾಡ್ಕೋಬೇಡಿ.’

‘ಇಲ್ಲಮ್ಮ. ಕೋಪ ಯಾಕೆ?’

ಕಂಡಕ್ಟ್ರಮ್ಮ ಅವರಿಬ್ಬರನ್ನೂ ಗೇಟಿನವರೆಗೆ ಬಿಟ್ಟು, ರಸ್ತೆ ದಾಟುವತನಕ ನಿಂತು ನೋಡಿದರು. ಒಳಗೆ ಬರುವಷ್ಟರಲ್ಲಿ ಅವರ ಬಾಗಿಲ ಮುಂದೆ ವಯಸ್ಸಾದ ಗಂಡಹೆಂಡತಿ ಕೈಯಲ್ಲಿ ಚೀಟಿ ಹಿಡಿದು ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿದ್ದರು. ಕಂಡಕ್ಟ್ರಮ್ಮ ಒಂದು ಗಳಿಗೆ ಗೋಡೆ ಹಿಡಿದು ನಿಂತರು. ಆಮೇಲೆ ಹೋಗಿ ಆ ಮುದುಕಿಯ ಕೈಯಿಂದ ಚೀಲ ಇಸಿದುಕೊಂಡು, ‘ಮೊದಲು ಕೂತ್ಕೊಳಿ,’ ಎಂದರು. ಮುದುಕನಿಗೆ ಕೇಳಿಸಲಿಲ್ಲ. ಅವನು ಕಿವಿಗೆ ಕೈಯಿಟ್ಟು ಅವರ ಕಡೆಗೆ ಬಾಗಿದ.